ಹೆಸರಷ್ಟೇ ದತ್ತೂರಿ

ಮಾಘ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಹಿರಿಯೂರಿನ ಸುತ್ತ ವೇದಾವತಿಯ ಮರಳುದಂಡೆಯಲ್ಲಿ, ಬತ್ತಿದ ಕೆರೆಯಂಗಳದಲ್ಲಿ, ಕಡಲೆ ಕಿತ್ತ ಹೊಲದ ಬದುವಿನಲ್ಲಿ ಮೊಣಕಾಲೆತ್ತರದ ಮುಳ್ಳುಗಿಡವೊಂದು ಹಳದಿ ಹೂ ಬಿಟ್ಟು ನಿಂತಿರುತ್ತದೆ. ಇದನ್ನು ದತ್ತೂರಿ ಗಿಡ ಎನ್ನುತ್ತಾರೆ; ಅರಿಶಿನ ಉಮ್ಮತ್ತ ಎಂಬ ಹೆಸರೂ ಉಂಟು. ಹೆಸರನ್ನು ನಂಬಿ ಬಹಳ ಕಾಲ ನಾನೂ ಇದನ್ನು ಶಿವನ ಪೂಜೆಯ ಉಮ್ಮತ್ತದ ಬಳಗದ್ದೆಂದೇ ಎಣಿಸಿದ್ದೆ. ಆದರೆ ಉಮ್ಮತ್ತ ಬದನೆಯ ಕುಟುಂಬದ್ದು, ಇದು ಗಸಗಸೆಯ ಕುಟುಂಬದ್ದು. ಎರಡಕ್ಕೂ ಇರುವ ಹೋಲಿಕೆ ಮುಳ್ಳುಕಾಯಿಯಷ್ಟೇ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ಆರ್ಜಿಮೋನ್ ಮೆಕ್ಸಿಕಾನ ಎಂಬ ಹೆಸರಿನಲ್ಲೇ ಇದರ ತವರು ಅಡಗಿದೆ.

ಗುರುತು ಹಿಡಿಯಲು ದಂಟನ್ನು ಮುರಿದರೆ ಸಾಕು. ಅರಿಶಿನ ಕಲಸಿದಂಥ ಹಳದಿ ಹಾಲು ಕ್ಷಣದಲ್ಲಿ ಜಿನುಗಿ ಬೆರಳಿಗೆ ಕಲೆ ಕಟ್ಟುತ್ತದೆ. ಉಮ್ಮತ್ತದಲ್ಲಿ ಹಾಲೇ ಇಲ್ಲ. ದತ್ತೂರಿಯ ಎಲೆಗೆ ತೊಟ್ಟಿಲ್ಲ, ಅದು ಕಾಂಡವನ್ನು ತಬ್ಬಿಕೊಂಡಿರುತ್ತದೆ. ಬೂದಿ ಬಳಿದಂಥ ಹಸಿರಿನ ಮೇಲೆ ನರಗಳ ಗುಂಟ ಸುಣ್ಣದ ಗೆರೆ ಎಳೆದಂತೆ ಬಿಳುಪು, ಅಂಚಿನ ಪ್ರತಿ ಹಲ್ಲಿಗೂ ಒಂದು ಮುಳ್ಳು. ಮೊಗ್ಗಿನ ತಲೆಯಲ್ಲಿ ಮೂರು ಪುಟ್ಟ ಕೊಂಬುಗಳಿರುತ್ತವೆ. ಅರಳಿದ ಹೂವಿನ ನಡುವೆ ಹಳದಿ ಕೇಸರಗಳ ಗುಂಪು, ಅದರೊಳಗೆ ಕಡುಗೆಂಪು ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ. ನಿಜಕ್ಕೂ ಚೆಲುವಾದ ಹೂ, ಎಸಳು ಮುಟ್ಟಿದರೆ ರೇಷ್ಮೆ.

ದನ ಕುರಿ ಇದಕ್ಕೆ ಬಾಯಿ ಹಾಕುವುದಿಲ್ಲವಾದ್ದರಿಂದ, ಅತಿಯಾಗಿ ಮೇಯಿಸಿದ ಗೋಮಾಳದಲ್ಲಿ ಉಳಿದೆಲ್ಲ ಹಸಿರು ಮಾಯವಾದ ಮೇಲೂ ಇದು ಹಾಯಾಗಿ ಉಳಿದುಕೊಳ್ಳುತ್ತದೆ.

ಕೇಡಿರುವುದು ಬೀಜದಲ್ಲಿ. ಒಣಗಿದ ಕಾಯಿಯ ತುದಿ ಬಿರಿದು ಉದುರುವ ಕರಿಬೀಜವನ್ನು ಅಂಗೈಮೇಲೆ ಹರಡಿದರೆ ಸಾಸಿವೆಯೆಂದೇ ಭ್ರಮೆಯಾಗುತ್ತದೆ. ಕಣ್ಣಿಗೆ ಹತ್ತಿರ ಹಿಡಿದಾಗ ಮಾತ್ರ ಸಾಸಿವೆಯ ನುಣುಪಿನ ಬದಲು ಬಲೆ ಹೆಣೆದಂಥ ಒರಟು ಮೈ ತೋರುತ್ತದೆ. ಇದರ ಎಣ್ಣೆಯಲ್ಲಿರುವ ಸ್ಯಾಂಗ್ವಿನರಿನ್ ಎಂಬ ವಿಷದಿಂದ ಕಾಲುಗಳಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ, ಹೃದಯ ಸೋಲುತ್ತದೆ. 1998ರಲ್ಲಿ ದಿಲ್ಲಿಯಲ್ಲಿ ಈ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನು ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಹೊಲದ ಅಂಚಿನಲ್ಲಿ ಸಾಸಿವೆ ಎರಚುವವರು ಈ ಗಿಡವನ್ನು ಕಾಯಿ ಬಿರಿಯುವ ಮೊದಲೇ, ಕೈಗೆ ಗೋಣಿಚೀಲ ಸುತ್ತಿಕೊಂಡಾದರೂ, ಬೇರುಸಹಿತ ಕಿತ್ತುಬಿಡಬೇಕು.