ನೇತ್ರದಾನದ ಬ್ರೈಲ್ ಕಾರ್ಡು: ಹತ್ತೊಂಬತ್ತನೇ ಪ್ರಿಂಟಿಗೆ ಓದಿಸಿಕೊಂಡ ‘ತ್ರ’

ಇವತ್ತು ಸಂಜೆ ಕಣ್ಣು ಕಾಣದ ನಮ್ಮ ಬೀದಿಯ ಮೇಷ್ಟ್ರು ಹತ್ತೊಂಬತ್ತನೇ ಕಾರ್ಡಿನ ಮೇಲೆ ಬೆರಳಾಡಿಸಿ, ಎಲ್ಲೂ ತಡವರಿಸದೆ ‘ನೇತ್ರದಾನ’ ಅಂತ ಒಂದೇ ಉಸಿರಿಗೆ ಓದಿದರು. ಆರು ವಾರದಿಂದ ಈ ಒಂದು ಪದ ಕೇಳಲು ಕಾದಿದ್ದೆ. ಮನೆಗೆ ಬಂದವನು ಊಟಕ್ಕೂ ಕೂರದೆ ಇದನ್ನು ಬರೆಯುತ್ತಿದ್ದೇನೆ.

ನೇತ್ರದಾನಕ್ಕೆ ಮನೆಯವರು ಏನು ಮಾಡಬೇಕು ಅಂತ ಹೇಳುವ ಈ ಕಾರ್ಡನ್ನು 3ಡಿ ಪ್ರಿಂಟರಿನಲ್ಲಿ, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಪೇರಿಸುವ ಯಂತ್ರದಲ್ಲಿ ಮಾಡುತ್ತಿದ್ದೇನೆ. ಎಟಿಎಂ ಕಾರ್ಡಿನಷ್ಟು ಅಗಲ, 2 ಮಿ.ಮೀ. ದಪ್ಪ, ಮುಂದೆ ಬ್ರೈಲ್, ಹಿಂದೆ ದಪ್ಪಕ್ಷರದ ಸ್ಟಿಕ್ಕರ್.

ಈ ಕೆಲಸಕ್ಕೆ ಕೈ ಹಾಕಿದ್ದು ಅಪ್ಪನಿಂದಾಗಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಎರಡು ಕಾರ್ನಿಯಾಗಳಿಂದ (ಕಣ್ಣಿನ ಮುಂಭಾಗದ ತಿಳಿ ಗಾಜಿನಂಥ ಭಾಗ) ನಾಲ್ವರಿಗೆ ನೋಟ ಬಂತಲ್ಲ. ಒಂದೊಂದನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ಕಸಿ ಮಾಡಿದ್ದರು. ಟಿವಿಯಲ್ಲಿ ಅದನ್ನು ನೋಡುತ್ತಾ ಅಪ್ಪ ‘ನಂದೂ ಕೊಟ್ಟುಬಿಡ್ರಪ್ಪ’ ಅಂದಿದ್ದರು. ಮೂರು ತಿಂಗಳಿಗೆ ಅವರೇ ಹೋದರು. ಆ ರಾತ್ರಿ ನೆಂಟರೊಬ್ಬರು ಪ್ರೀತಿಯಿಂದಲೇ ಫ್ಯಾನ್ ಜೋರು ಮಾಡಿದ್ದರು. ಗಾಳಿಗೆ ಕಾರ್ನಿಯಾ ಒಣಗುತ್ತದೆ ಅಂತ ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಕಣ್ಣಿನ ಬ್ಯಾಂಕಿನವರು ಫೋನಿನಲ್ಲಿ ಹೇಳಿದ ಮೇಲೆ ಫ್ಯಾನ್ ಆರಿಸಿದೆವು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟೆವು, ತಲೆಗೆ ದಿಂಬು ಕೊಟ್ಟೆವು. 6 ಗಂಟೆಯೊಳಗೆ ತೆಗೆಯಬೇಕು. ಅವರು ಅದರೊಳಗೇ ಬಂದರು. ಆ ಮೂರು ಮಾತು ಮೊದಲೇ ಮನೆಯಲ್ಲಿ ಕಣ್ಣಿಗೆ ಬೀಳುವಂತೆ ಇರಬೇಕಿತ್ತು ಅನ್ನಿಸಿದ್ದೇ ಈ ಕಾರ್ಡಿನ ಮೂಲ.

ಬ್ರೈಲ್ ಸೇರಿಸಿದ್ದು ಆಮೇಲೆ. ಓದಿ ನೋಡಲು ನಮ್ಮ ಬೀದಿಯ ನಿವೃತ್ತ ಸಂಗೀತ ಮೇಷ್ಟ್ರ ಹತ್ತಿರ ಹೋದೆ. ಅವರಿಗೆ ಕಣ್ಣಿನ ಹಿಂದಿನ ಪರದೆಯಾದ ರೆಟಿನಾದ ತೊಂದರೆ. ಮೊದಲು ಇರುಳಿನ ನೋಟ ಹೋಗಿ, ಆಮೇಲೆ ಸುತ್ತಲಿಂದ ಮುಚ್ಚುತ್ತಾ ಬಂದು, ನಲವತ್ತಕ್ಕೆಲ್ಲ ಪೂರ್ತಿ ಕತ್ತಲು.

ಮೊದಲ ಆರು ಪ್ರಿಂಟಿನ ಕಥೆ ಚಿಕ್ಕದು. ಚುಕ್ಕಿಯ ಎತ್ತರ ಸುಮಾರು ಅರ್ಧ ಮಿ.ಮೀ. ಕಾರ್ಡನ್ನು ಮಲಗಿಸಿ 0.2 ಮಿ.ಮೀ. ಪದರದಲ್ಲಿ ಪ್ರಿಂಟ್ ಮಾಡಿದರೆ ಚುಕ್ಕಿಗೆ ಸಿಗುವುದು ಎರಡೋ ಮೂರೋ ಪದರ, ನಾಣ್ಯದ ಮೇಲೆ ನಾಣ್ಯ ಇಟ್ಟ ಹಾಗೆ. ಮರಳು ಕಾಗದದಲ್ಲಿ ತಿಕ್ಕಿದರೆ ಎತ್ತರವೇ ಹೋಯಿತು. ಬ್ರೈಲ್ ಪ್ರಿಂಟ್ ಮಾಡುವವರು ಕಾರ್ಡನ್ನು ನಿಲ್ಲಿಸಿಯೇ ಮಾಡಬೇಕು. ಆಗ ಚುಕ್ಕಿಯ ಗುಂಡನೆಯ ಬೆನ್ನನ್ನು ಪದರಗಳೇ ಬಿಡಿಸುತ್ತವೆ, ಬೆರಳಿಗೆ ನುಣುಪಾಗಿ ಸಿಗುತ್ತದೆ. ತೆಳ್ಳಗಿನ ಕಾರ್ಡು ನಿಂತಲ್ಲೇ ಅಲ್ಲಾಡುತ್ತದೆ, ಬುಡದ ಸುತ್ತ 8 ಮಿ.ಮೀ. ತೆಳು ಅಂಚು (ಬ್ರಿಮ್) ಕೊಟ್ಟು, ವೇಗ ಸೆಕೆಂಡಿಗೆ 30 ಮಿ.ಮೀ.ಗೆ ಇಳಿಸಿದೆ.

ಮಧ್ಯೆ ಪ್ರಿಂಟರ್ ಕರಗಿಸುವ ಪ್ಲಾಸ್ಟಿಕ್ ದಾರದ, ಅಂದರೆ ಫಿಲಮೆಂಟಿನ ಗೋಳು ಬೇರೆ. ಆನ್‌ಲೈನಿನಲ್ಲಿ ತರಿಸಿದ ಪಿಎಲ್‌ಎ ಪ್ಲಾಸ್ಟಿಕ್ಕಿನ ಸುರುಳಿಯ ಪೊಟ್ಟಣದಲ್ಲಿ ಗಾಳಿ ಆಡಿ ತೇವ ಹೀರಿತ್ತು. ಪ್ಲಾಸ್ಟಿಕ್ ಹೊರಬರುವ ಮೂತಿ, ಅಂದರೆ ನಾಜಲ್‌ನಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು, ಚುಕ್ಕಿಯಿಂದ ಚುಕ್ಕಿಗೆ ಜೇಡರ ಬಲೆ. ಫೋನ್ ಮಾಡಿದರೆ ‘ಒಣಗಿಸಿಕೊಳ್ಳಿ ಸಾರ್, ಮಳೆಗಾಲ ಅಲ್ವಾ’ ಅಂದರು. ಮಳೆ ಬರುವುದು ಮಾರುವವರಿಗೂ ಗೊತ್ತಿದೆ ಅಂದ ಮೇಲೆ ಪೊಟ್ಟಣವನ್ನಾದರೂ ಸರಿಯಾಗಿ ಮುಚ್ಚಿ ಕಳಿಸಬೇಕು. ನೋಡುವವರಿಗೆ ಒಂದು ಎಳೆ ಅಂದರೆ ಸಣ್ಣ ಕೊಳಕು. ಬೆರಳಲ್ಲಿ ಓದುವವರಿಗೆ ಅದು ತಪ್ಪು ಅಕ್ಷರ.

ಈಗ ನಿಜವಾದ ಕಗ್ಗಂಟಿಗೆ ಬರುತ್ತೇನೆ. ಏಳನೇ ಕಾರ್ಡಿನ ಚುಕ್ಕಿಗಳು ಚೆನ್ನಾಗಿದ್ದವು. ಮೇಷ್ಟ್ರು ‘ನೇ’ ದಾಟಿದರು, ಅಲ್ಲಿಂದ ಮುಂದೆ ಬೆರಳು ನಿಂತಿತು. ಹಿಂದೆ ಹೋದರು, ಮುಂದೆ ಬಂದರು. ‘ಇಲ್ಲೇನೋ ಆಗಿದೆಯಪ್ಪಾ’ ಅಂದರು. ಭೂತಗನ್ನಡಿ ಹಿಡಿದು ನೋಡಿದರೆ ಅದೇ ಜಾಗದ ಚುಕ್ಕಿಗಳ ಬುಡದಲ್ಲಿ ಸಣ್ಣ ಗುಳ್ಳೆಗಳು. ಸೀಮ್, ಅಂದರೆ ಪ್ರತಿ ಪದರ ಶುರುವಾಗಿ ಮುಗಿಯುವ ಕಡೆ ಉಳಿಯುವ ಗುಳ್ಳೆಗಳ ಗೆರೆ! ಮಾದರಿಯನ್ನು ಪದರಗಳಾಗಿ ಕತ್ತರಿಸುವ ತಂತ್ರಾಂಶವಾದ ಸ್ಲೈಸರ್‌ಗೆ ಸೀಮನ್ನು ಮೂಲೆಯಲ್ಲಿ ಬಚ್ಚಿಡು ಅಂತ ಹೇಳಿದ್ದೆ. ಚುಕ್ಕಿ ಕಾರ್ಡಿಗೆ ಕೂಡುವ ಬುಡವೂ ಅದರ ಲೆಕ್ಕಕ್ಕೆ ಒಂದು ಒಳಮೂಲೆಯೇ. ಪ್ರತಿ ಪದರದ ಗುಳ್ಳೆಯನ್ನು ತಂದು ಬ್ರೈಲ್ ಅಕ್ಷರದ ಪಕ್ಕಕ್ಕೇ ಸುರಿಯುತ್ತಿತ್ತು. ಅಲ್ಲಿ ಒತ್ತಕ್ಷರಕ್ಕೆ ಬೇಕಾದ ನಾಲ್ಕನೇ ಚುಕ್ಕಿ ತನ್ನ ಮನೆಯಲ್ಲಿ (ಒಂದು ಬ್ರೈಲ್ ಅಕ್ಷರದ ಆರು ಚುಕ್ಕಿಯ ಜಾಗ) ಒಂಟಿಯಾಗಿ ಕೂತಿದೆ; ಪಕ್ಕದಲ್ಲಿ ಗುಳ್ಳೆ ಎದ್ದರೆ ಅದೂ ಚುಕ್ಕಿಯಂತೆಯೇ ಬೆರಳಿಗೆ ಸಿಗುತ್ತದೆ. ಕಳ್ಳ ಸಿಕ್ಕಿದ ಅಂದುಕೊಂಡೆ.

ಸೀಮನ್ನು ಹಿಂಬದಿಗೆ ಕಟ್ಟಿಹಾಕಿ, ಮೂಲೆ ಹುಡುಕುವ ಆಯ್ಕೆ ತೆಗೆದುಹಾಕಿ, ಬ್ರೈಲ್ ಮುಖ ಮುಂದೆ ಬರುವಂತೆ ಕಾರ್ಡು ತಿರುಗಿಸಿದೆ. ಹಿಂದೆ ಬೀಳುವ ಗೆರೆಯನ್ನು ಸ್ಟಿಕ್ಕರ್ ಅಂಟಿಸುವ ಮುಂಚೆ ಬ್ಲೇಡಿನಲ್ಲಿ ಹೆರೆದರಾಯಿತು. ಮುಖ ಕನ್ನಡಿಯ ಹಾಗೆ ಬಂತು. ಓಡಿಹೋಗಿ ಕೊಟ್ಟೆ. ಬೆರಳು ಅದೇ ಜಾಗದಲ್ಲಿ ನಿಂತಿತು.

ಅಲ್ಲಿಂದ ಒಂಬತ್ತು ಕಾರ್ಡು ಇದೇ ಹಾಡು. ನಾಜಲ್ ಬದಲಿಸಿದೆ, ಬಿಸಿ ಇಳಿಸಿದೆ, ಫಿಲಮೆಂಟ್ ಒಣಗಿಸಿದೆ, ಬೆಲ್ಟ್ ಬಿಗಿ ಮಾಡಿದೆ. ಪ್ರತಿ ಸಲವೂ ‘ನೇ’ ಆದ ಮೇಲೆ ಬೆರಳು ನಿಲ್ಲುತ್ತಿತ್ತು. ಕೊನೆಗೆ ಹದಿನೆಂಟನೇ ಕಾರ್ಡಿಗೆ ಮೇಷ್ಟ್ರು ಕೇಳಿದರು: ‘ಗೋದಾನ ಕೇಳಿದ್ದೀನಿ, ಭೂದಾನ ಕೇಳಿದ್ದೀನಿ. ಈ ನೇತರ್ದಾನ ಯಾವುದಪ್ಪಾ?’

ನೇತರ್ದಾನ! ಅವರು ಕಪಾಟಿನಿಂದ ಬ್ರೈಲ್ ಬರೆಯುವ ಸ್ಲೇಟು, ಚುಚ್ಚುವ ಮೊಳೆಯಂಥ ಸ್ಟೈಲಸ್ ತರಿಸಿ, ದಪ್ಪ ಹಾಳೆ ಸಿಕ್ಕಿಸಿ, ಬಲದಿಂದ ಎಡಕ್ಕೆ ಟಕಟಕ ಚುಚ್ಚುತ್ತಾ ಬಾಯಲ್ಲಿ ಹೇಳಿದರು: ‘ನ, ಏ. ಈಗ ನಾಲ್ಕನೇ ಚುಕ್ಕಿ. ಆಮೇಲೆ ತ, ರ. ಆಮೇಲೆ ದ, ಆ, ನ.’ ಹಾಳೆ ತಿರುವಿ ನನ್ನ ಬೆರಳನ್ನು ಹಿಡಿದು ಅದರ ಮೇಲೆ ಇಟ್ಟರು. ನಾವು ಕಂಪ್ಯೂಟರಿನಲ್ಲಿ ತ, ಆಮೇಲೆ ಸ್ವರ ಕಳೆಯುವ ಹಲಂತ ಚಿಹ್ನೆ (್), ಆಮೇಲೆ ರ ಒತ್ತುತ್ತೇವೆ. ಬ್ರೈಲಿನಲ್ಲಿ ಸ್ವರ ಕಳೆಯುವ ನಾಲ್ಕನೇ ಚುಕ್ಕಿ ವ್ಯಂಜನಕ್ಕಿಂತ ಮುಂಚೆ ಬರುತ್ತದೆ. ನಾನು ಬರೆದ ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ (ಸ್ಕ್ರಿಪ್ಟು) ಒಂದೊಂದು ಅಕ್ಷರವನ್ನು ಬಂದ ಸಾಲಿನಲ್ಲೇ ಚುಕ್ಕಿಗೆ ಬದಲಿಸುತ್ತಿತ್ತು. ಆದ್ದರಿಂದ ಚುಕ್ಕಿ ‘ತ’ದ ಹಿಂದೆ ಹೋಗಿ ‘ರ’ದ ಮುಂದೆ ಕೂತು, ತ್ರ ಹೋಗಿ ತರ್ ಆಗಿತ್ತು. ಸೀಮಿನ ಗುಳ್ಳೆಯೂ ಅದೇ ಜಾಗದಲ್ಲಿ ಎದ್ದಿದ್ದರಿಂದ ಇಡೀ ತಪ್ಪನ್ನು ಪ್ರಿಂಟರ್ ಮೇಲೆ ಹೊರಿಸಿದ್ದೆ. ಈಗ ಸ್ಕ್ರಿಪ್ಟು ಬಿಸಾಕಿ, ಬರಹವನ್ನು ಬ್ರೈಲಿಗೆ ಬದಲಿಸುವ ತಂತ್ರಾಂಶವಾದ ಲಿಬ್‌ಲೂಯಿಯ ಕನ್ನಡ ಪಟ್ಟಿ ಬಳಸುತ್ತಿದ್ದೇನೆ. ನೀವೂ ಅದನ್ನೇ ಬಳಸಿ. ಮತ್ತು ಮೊದಲ ಕಾರ್ಡಿನ ದಿನವೇ ಬ್ರೈಲ್ ಓದುವವರಿಂದ ಪದವನ್ನು ಹಾಳೆಯ ಮೇಲೆ ಕೈಯಲ್ಲೇ ಚುಚ್ಚಿಸಿಕೊಂಡು ಬನ್ನಿ.

ಸ್ಲೇಟು ಮಡಿಸಿಡುತ್ತಾ ಮೇಷ್ಟ್ರು ‘ನನ್ನ ಕಣ್ಣು ತಗೋತಾರೇನಪ್ಪಾ?’ ಅಂದರು. ನನಗೆ ಮಾತು ಹೊರಡಲಿಲ್ಲ. ಆರು ವಾರ ಆ ಮನೆಗೆ ಹೋಗಿ ಬಂದಿದ್ದೆ, ಒಂದು ದಿನವೂ ಅದನ್ನು ಯೋಚಿಸಿರಲಿಲ್ಲ. ಮರುದಿನ ಕಣ್ಣಿನ ಬ್ಯಾಂಕಿನಲ್ಲಿ ಕೇಳಿದೆ. ಕಸಿ ಮಾಡುವುದು ಕಾರ್ನಿಯಾ ಮಾತ್ರ, ಇಡೀ ಕಣ್ಣಲ್ಲ. ರೆಟಿನಾ ಕೆಟ್ಟವರ ಕಾರ್ನಿಯಾ ತಿಳಿಯಾಗಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. 1905ರ ಡಿಸೆಂಬರ್ 7ರಂದು ಎಡ್ವರ್ಡ್ ಜಿರ್ಮ್ ಮಾಡಿದ, ಉಳಿದು ನಿಂತ ಮೊದಲ ಕಾರ್ನಿಯಾ ಕಸಿಗೆ ಪದರ ಬಂದದ್ದೂ ಕಬ್ಬಿಣದ ಚೂರು ಹೊಕ್ಕು ಕೆಟ್ಟ, ತೆಗೆಯಲೇಬೇಕಾಗಿದ್ದ ಹನ್ನೊಂದು ವರ್ಷದ ಹುಡುಗನ ಕಣ್ಣಿನಿಂದ. ನೋಟ ಸಿಕ್ಕಿದ್ದು ಸುಣ್ಣ ಸಿಡಿದು ಕುರುಡಾಗಿದ್ದ ಕೂಲಿಯವನಿಗೆ.

ಇದನ್ನು ಹೇಳಿದಾಗ ಮೇಷ್ಟ್ರ ಹೆಂಡತಿ ಒಳಗಿನಿಂದ ‘ಹಂಗಾದ್ರೆ ಇವರ ಗಾಜು ಚೆನ್ನಾಗಿದೆ, ಮಸುಕಾಗಿರೋದು ನಂದು’ ಅಂದರು. ಅಮ್ಮನವರಿಗೆ ಮೂರನೇ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಾರ್ನಿಯಾದಲ್ಲಿ ಕಲೆ ಉಳಿಯಿತು. ಅಷ್ಟು ಚಿಕ್ಕಂದಿನಲ್ಲೇ ನೋಟ ನಿಂತಿದ್ದರಿಂದ ನೋಡುವುದನ್ನು ಮೆದುಳು ಕಲಿತಿಲ್ಲ, ಈಗ ಕಸಿ ಮಾಡಿ ಹೆಚ್ಚು ಉಪಯೋಗವಿಲ್ಲ ಎಂದು ವೈದ್ಯರು ಹೇಳಿದ್ದಾರಂತೆ. ಆ ವಯಸ್ಸಿನ ಒಂದು ಮಗುವಿಗೆ ಮೇಷ್ಟ್ರ ಕಾರ್ನಿಯಾ ಹೋಗಬಹುದು ಅಂತ ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಮೇಷ್ಟ್ರು ಆಗಲೇ ಮುಂದಿನದಕ್ಕೆ ಹೋಗಿದ್ದರು. ‘ನಾನು ಹೋದಾಗ ಮನೇಲಿರೋಳು ಇವಳು. ಫಾರಂ ತುಂಬಿ ಬೀರೂನಲ್ಲಿಟ್ರೆ ಏನು ಬಂತು? ಏನು ಮಾಡಬೇಕು ಅಂತ ಇವಳು ಓದಬೇಕಲ್ಲ.’ ಹೌದು. ಸತ್ತ ಮೇಲೆ ಒಪ್ಪಿಗೆ ಕೊಡುವವರು, ಫೋನ್ ಮಾಡುವವರು ಮನೆಯವರೇ. ಕಾರ್ಡಿನ ಬ್ರೈಲ್ ಇಷ್ಟು ದಿನ ನನಗೆ ಒಂದು ಗೌರವದ ಗುರುತಾಗಿತ್ತು. ಈಗ ಒಂದೊಂದು ಪದವೂ ಕೆಲಸಕ್ಕೆ ಬರಬೇಕು. ಮನೆಯಿಂದ ಮನೆಗೆ 6 ಮಿ.ಮೀ., ಸಾಲಿಂದ ಸಾಲಿಗೆ 10; ಒಂದು ಸಾಲಿಗೆ ಹದಿಮೂರು ಮನೆ ಹಿಡಿದರೆ ಹೆಚ್ಚು. ‘ಫ್ಯಾನ್ ಆರಿಸಿ’ಗೆ ಹನ್ನೆರಡು ಸಾಕು.

ಫಾರಂ ತುಂಬುವಾಗ ಇನ್ನೊಂದು ಕೆಲಸ ಹುಟ್ಟಿತು. ಸಹಿ ಎಲ್ಲಿ ಮಾಡಬೇಕು ಅಂತ ಮೇಷ್ಟ್ರ ಕೈ ಹಾಳೆಯ ಮೇಲೆ ಅಲೆದಾಡಿತು. ನಾನು ಬೆರಳು ಹಿಡಿದು ತೋರಿಸಿದ್ದು ಅವರಿಗೂ ಹಿತವಾಗಲಿಲ್ಲ, ನನಗೂ ಆಗಲಿಲ್ಲ. ಆಯತದ ಕಿಂಡಿ ಇರುವ ಸಹಿ ಪಟ್ಟಿ ಮಾಡಬೇಕು. ಒಂದು ಮಿ.ಮೀ. ದಪ್ಪ, ಹಿಂದೆ ಜಾರದಂತೆ ರಬ್ಬರ್, ಮೇಲಂಚಿಗೆ ಒಂದು ಕಚ್ಚು. ಕೆಳಗಿನ ಅಂಚು ಮುಚ್ಚಬೇಕೋ ಬಿಡಬೇಕೋ ತೀರ್ಮಾನವಾಗಿಲ್ಲ. ‘ರು’ವಿನ ಬಾಲ ಕೆಳಗೆ ಇಳಿಯಲು ಜಾಗ ಬೇಕಲ್ಲ. ಮಾಡಿದವರಿದ್ದರೆ ಅಳತೆ ತಿಳಿಸಿ.

ಹತ್ತೊಂಬತ್ತನೇ ಕಾರ್ಡನ್ನು ಇವತ್ತು ಕೊನೆಗೆ ಓದಿದವರು ಅಮ್ಮನವರು. ‘ಫ್ಯಾನ್’ನಲ್ಲಿ ನಾಲ್ಕನೇ ಚುಕ್ಕಿ ಎರಡು ಸಲ ಬರುತ್ತದೆ, ಫ್ಯಾಗೆ ಒಂದು, ನ್‌ಗೆ ಒಂದು. ಎರಡನ್ನೂ ಬೆರಳು ಸಲೀಸಾಗಿ ದಾಟಿತು. ಓದಿ ಮುಗಿಸಿ, ಕಾರ್ಡು ಹಿಡಿದುಕೊಂಡೇ ಎದ್ದು ಗೋಡೆ ತಡವುತ್ತಾ ಹೋಗಿ, ಅದನ್ನು ಫ್ಯಾನಿನ ಸ್ವಿಚ್ಚಿನ ಪಕ್ಕಕ್ಕೆ ಹಿಡಿದು ನಿಂತರು.

‘ಪರ್ಸಿನಲ್ಲಿ ಬೇಡಪ್ಪ, ಇಲ್ಲಿ ಹಾಕು. ನಾಲ್ಕು ಮೂಲೆಗೂ ತೂತು ಬಿಟ್ಟುಕೊಡು.’

ತೂತು 3.5 ಮಿ.ಮೀ. ಇಟ್ಟಿದ್ದೇನೆ. ಇಪ್ಪತ್ತನೇ ಕಾರ್ಡಿಗೆ ಪ್ರಿಂಟರಿನ ಬೆಡ್ ಬಿಸಿಯಾಗುತ್ತಿದೆ.