ಅವರೆ ಹೂ ಬಿಟ್ಟ ವಾರವೇ ಫ್ರಾಸ್ಟ್ ಬಿತ್ತು

"ಟೊಮ್ಯಾಟೊ ನೆಟ್ರಾ?" ಅಂತ ಈ ವಾರ ಮೂರು ಜನ ಕೇಳಿದರು. ಇಲ್ಲ, ನೆಟ್ಟಿಲ್ಲ. ಇವತ್ತು ಮೇ 6. ಹೊರಗೆ 72 ಡಿಗ್ರಿ (ಫ್ಯಾರನ್‌ಹೀಟ್ ಲೆಕ್ಕ, ಗಾಬರಿ ಬೇಡ), ನರ್ಸರಿಗಳ ಮುಂದೆ ಸಸಿಗಳ ಜಾತ್ರೆ. ನನ್ನ ಸಸಿಗಳು ಮಾತ್ರ ಹಗಲು ಜಗಲಿಗೆ ಹೋಗಿ, ಸಂಜೆ ಮನೆಗೆ ವಾಪಸ್ ಬರುತ್ತಿವೆ.

ನಾವಿರೋದು ಶಿಕಾಗೋದಿಂದ ಪಶ್ಚಿಮಕ್ಕೆ ಒಂದು ಗಂಟೆ ದಾರಿ. ಹುಟ್ಟೂರು ಮಾಗಡಿ ಕಡೆ. ಅಪ್ಪ ಮಳೆ ನಕ್ಷತ್ರ ನೋಡಿ ಬಿತ್ತೋರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನೋದನ್ನ ಕೇಳಿಕೊಂಡೇ ಬೆಳೆದವಳು ನಾನು. ಭರಣಿ ಅಂದರೆ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ. ಇಲ್ಲಿಗೆ ಬಂದ ಮೊದಲ ವರ್ಷ ಆ ಹೊತ್ತಿಗೆ ಮಳೆಯೂ ಬಂತು, ನಾನೂ ಖುಷಿಯಾಗಿ ಹನ್ನೆರಡು ಟೊಮ್ಯಾಟೊ, ಆರು ಬದನೆ ನೆಟ್ಟೆ. ಐದನೇ ದಿನ ಬೆಳಗ್ಗೆ ನೋಡಿದರೆ ಎಲೆಗಳೆಲ್ಲ ಬಿಸಿನೀರಲ್ಲಿ ಅದ್ದಿ ತೆಗೆದ ಸೊಪ್ಪಿನ ಥರ ಜೋತುಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಕಪ್ಪು. ಫ್ರಾಸ್ಟ್, ಅಂದರೆ ಇಬ್ಬನಿಯೇ ಹೆಪ್ಪುಗಟ್ಟೋ ಅಂಥ ಚಳಿ, ಬಿದ್ದಿತ್ತು.

ಫೋನಿನಲ್ಲಿ ಆ ರಾತ್ರಿ 35 ಡಿಗ್ರಿ ಅಂತಿತ್ತು. ನೀರು ಹೆಪ್ಪುಗಟ್ಟೋದು 32ಕ್ಕೆ ತಾನೆ? ಆಮೇಲೆ ಗೊತ್ತಾಯಿತು: ಹವಾಮಾನದವರು ಅಳೆಯೋದು ಹೆಚ್ಚುಕಡಿಮೆ ಎದೆಮಟ್ಟದ ಗಾಳಿಯನ್ನ. ಮೋಡವಿಲ್ಲದೆ, ಗಾಳಿ ಆಡದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು, ಮೇಲಿನ ಗಾಳಿಗಿಂತ ತಣ್ಣಗಾಗಿರುತ್ತೆ. ಅದರ ಮೇಲೆ ನನ್ನ ಪಾತಿ ಬೇಲಿ ಮೂಲೆಯ ತಗ್ಗಿನಲ್ಲಿ. ತಣ್ಣನೆ ಗಾಳಿ ನೀರಿನ ಹಾಗೆ ಹರಿದು ಬಂದು ಅಲ್ಲೇ ನಿಲ್ಲುತ್ತೆ.

ಇನ್ನೊಂದು ಮೋಸ ಆ 'ಕೊನೆಯ ಫ್ರಾಸ್ಟ್ ದಿನಾಂಕ'. ನಮ್ಮ ಕಡೆಗೆ ಏಪ್ರಿಲ್ ಕೊನೆ, ಮೇ ಮೊದಲ ವಾರ ಅಂತ ಬರೆದಿರುತ್ತಾರೆ. ಅದು 1991ರಿಂದ 2020ರವರೆಗಿನ ಮೂವತ್ತು ವರ್ಷದ ಲೆಕ್ಕ, ಅದೂ ಸಾಮಾನ್ಯವಾಗಿ ಅರ್ಧಕ್ಕರ್ಧದ ದಿನ. ಅಂದರೆ ಎರಡು ವರ್ಷಕ್ಕೊಮ್ಮೆ ಅದು ದಾಟಿದ ಮೇಲೂ ಫ್ರಾಸ್ಟ್ ಬೀಳುತ್ತೆ. ಹತ್ತರಲ್ಲಿ ಒಂದೇ ವರ್ಷ ಅಪಾಯ ಅನ್ನೋ ದಿನಾಂಕವೂ ಅದೇ ಪಟ್ಟಿಯಲ್ಲಿರುತ್ತೆ. ನಾನು ಈಗ ನೋಡೋದು ಅದನ್ನೇ.

ಮೆಂತ್ಯ, ಸಬ್ಬಸಿಗೆ, ಮೂಲಂಗಿ, ಬಟಾಣಿಗೆ ಈ ತಲೆನೋವಿಲ್ಲ. ಏಪ್ರಿಲ್ಲಿನಲ್ಲೇ ಬಿತ್ತಿದ್ದೇನೆ, ಹಾಯಾಗಿವೆ. ಬೆಂಡೆಯದು ತದ್ವಿರುದ್ಧ. ಫ್ರಾಸ್ಟ್ ಇಲ್ಲದಿದ್ದರೂ ಮಣ್ಣು ತಣ್ಣಗಿದ್ದರೆ ಬೀಜ ಒಳಗೇ ಕೊಳೆಯುತ್ತೆ.

ಆದರೆ ನನ್ನನ್ನ ನಿಜವಾಗಿ ಆಟ ಆಡಿಸಿದ್ದು ಅವರೆ. ಊರಲ್ಲಿ ರಾಗಿ ಹೊಲದ ನಡುವೆ ಬೇರೆ ಬೆಳೆಗೆ ಬಿಡೋ ಅಕ್ಕಡಿ ಸಾಲಿಗೆ ಹಾಕಿ ಮರೆತರೆ ಮಾಗಿ ಚಳಿಗೆ ತಾನಾಗಿ ಕಾಯಿ. ಇಲ್ಲಿ ಜೂನ್ ಮೊದಲ ವಾರ ಬಿತ್ತಿದೆ. ಬಳ್ಳಿ ಬೇಲಿ ಹತ್ತಿತು, ಪಕ್ಕದ ಮನೆಯವರ ಬೇಲಿಯನ್ನೂ ಹತ್ತಿತು. ಜುಲೈ ಹೋಯಿತು, ಆಗಸ್ಟ್ ಹೋಯಿತು, ಒಂದು ಹೂವಿಲ್ಲ. ಗೊಬ್ಬರ ಜಾಸ್ತಿಯಾಯಿತೇನೋ ಅಂದುಕೊಂಡೆ. ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದರೆ, "ಇಬ್ಬನಿ ಬೀಳ್ಲಿ ಬಿಡವ್ವ, ಆಮೇಲೆ ತಾನೆ ಸೊಗಡು ಕಟ್ಟೋದು" ಅಂದರು. ಇಲ್ಲಿನ ಇಬ್ಬನಿ ಎಂಥದ್ದು ಅಂತ ಅವರಿಗೇನು ಗೊತ್ತು! ಅಕ್ಟೋಬರ್ ಮೊದಲಿಗೆ ಗೊಂಚಲು ಹೂ ಬಿಟ್ಟಿತು. ಅದೇ ವಾರ ಒಂದು ಬೆಳಗ್ಗೆ ಹುಲ್ಲೆಲ್ಲ ಉಪ್ಪು ಉದುರಿಸಿದ ಹಾಗೆ ಬೆಳ್ಳಗಿತ್ತು, ಬಳ್ಳಿ ಮುಗಿದಿತ್ತು.

ತಪ್ಪು ಗೊಬ್ಬರದ್ದಲ್ಲ, ಹಗಲಿನದ್ದು. ನಾಟಿ ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡೋ ಜಾತಿ. ಬೆಂಗಳೂರಿನ ಕಡೆ ಅತಿ ಉದ್ದದ ಹಗಲೂ 13 ಗಂಟೆ ದಾಟಲ್ಲ. ಇಲ್ಲಿ ಜೂನಿನಲ್ಲಿ 15 ಗಂಟೆಗೂ ಮೇಲೆ. ಬಳ್ಳಿ ಪಾಪ, ತನ್ನ ಕಾಲ ಬರಲಿ ಅಂತ ಕಾಯುತ್ತಾ ಕೂತಿತ್ತು. ಅದರ ಕಾಲ ಬರೋದು, ಇಲ್ಲಿ ಮೊದಲ ಫ್ರಾಸ್ಟ್ ಬರೋದು ಒಟ್ಟಿಗೇ. ಮೇನಲ್ಲಿ ಎಷ್ಟು ಬೇಗ ಬಿತ್ತಿದರೂ ಅಷ್ಟೇ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, 4ರಂಥ ತಳಿಗಳಿಗೆ ಈ ಹಗಲು-ರಾತ್ರಿಯ ಹಂಗಿಲ್ಲ, ಸುಮಾರು ನೂರು ದಿನಕ್ಕೆ ಬೆಳೆ ಮುಗಿಯುತ್ತೆ. ಇಲ್ಲಿನ ಕನ್ನಡದವರೊಬ್ಬರು ತಾವೇ ಬೆಳೆದಿಟ್ಟ ಬೀಜ ಒಂದು ಹಿಡಿ ಕೊಟ್ಟರು. ಹೋದ ವರ್ಷ ಆಗಸ್ಟಿನಲ್ಲಿ ಎರಡು ಸಲ ಹಿದುಕಬೇಳೆ ಸಾರು ಮಾಡಿದೆ. ಸೊಗಡು? ನಮ್ಮನೆಯವರು "ಚೆನ್ನಾಗಿದೆ" ಅಂದರು. ನನಗೆ ಮಾಗಡಿಯ ಮೂಗು, ಅಷ್ಟಕ್ಕಷ್ಟೇ. ಚಳಿ ಕಾಣದ ಕಾಯಿ ಅದು.

ಈ ಸಲದ ಬೀಜ ಇನ್ನೂ ಡಬ್ಬಿಯಲ್ಲಿದೆ. ರೋಹಿಣಿ ಹುಟ್ಟೋದು ಮೇ 25ರ ಹೊತ್ತಿಗೆ, ಇಲ್ಲಿನ ಮೆಮೋರಿಯಲ್ ಡೇ ರಜೆಯೂ ಅದೇ ಆಸುಪಾಸಿನಲ್ಲಿ. ಅಪ್ಪನ ಪಂಚಾಂಗ, ನನ್ನ ಫ್ರಾಸ್ಟ್ ಪಟ್ಟಿ ಕೂಡಿಬರೋದು ಅದೊಂದೇ ಕಡೆ, ಅವತ್ತೇ ಬಿತ್ತುತ್ತೇನೆ. ಇವತ್ತು ರಾತ್ರಿಗೆ 37 ಡಿಗ್ರಿ ಅಂತಿದೆ, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಟ್ರೇ ಒಳಗಿಡಬೇಕು, ಬರ್ತೀನಿ.