ಸಹಿ ಹಾಕಿದ್ದು ಮಗಳು

ಕಳೆದ ಜುಲೈನ ಒಂದು ಭಾನುವಾರ. ಊಟ ಮುಗಿದಿತ್ತು, ತಟ್ಟೆಗಳಿನ್ನೂ ಟೇಬಲ್ ಮೇಲೇ ಇದ್ದವು. ಮಗಳು ಮೊಸರಿನ ಪಾತ್ರೆ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಅರ್ಧ ಗಂಟೆಯಲ್ಲಿ ಎದ್ದಳು. 'ಆಯ್ತು ಅಪ್ಪಾ, ಕಾಲೇಜ್ ಲೋನ್ ಸೈನ್ ಮಾಡಿದೆ' ಅಂದಳು. ಅವಳಿಗೆ 18 ತುಂಬಿ ಎರಡು ತಿಂಗಳಾಗಿತ್ತು, ಅಷ್ಟೇ.

ನನಗೆ 2003 ನೆನಪಾಯಿತು. ನಾನು ಎಂ.ಎಸ್. ಓದೋಕೆ ಅಮೆರಿಕಕ್ಕೆ ಹೊರಟ ವರ್ಷ. ಸಾಗರದ ಮನೆ ಅಡವಿಟ್ಟು ಅಪ್ಪ ಬ್ಯಾಂಕಿನಲ್ಲಿ ಒಂಬತ್ತು ಲಕ್ಷ ಸಾಲ ತೆಗೆದಿದ್ದರು. ಆಗ ಒಂದು ಡಾಲರಿಗೆ 46 ರೂಪಾಯಿ ಆಸುಪಾಸು. ಖಾತೆ, ಕಂದಾಯದ ರಸೀದಿ, ಇ.ಸಿ., ವಕೀಲರ ಅಭಿಪ್ರಾಯ, ಮನೆ ಅಳೆಯೋಕೆ ಬಂದ ಎಂಜಿನಿಯರಿಗೆ ಎರಡು ಸಲ ಕಾಫಿ. ಎರಡು ತಿಂಗಳು ಇದೇ ಓಡಾಟ. ಕೊನೆಗೆ ಮ್ಯಾನೇಜರ್ ಎದುರು ಕೂತು ಅಪ್ಪ ಹಾಳೆ ಹಾಳೆಗೂ ಸಹಿ ಹಾಕಿದರು. ನನ್ನ ಸಹಿಯೂ ಬೇಕಿತ್ತು, ಹಾಕಿದೆ. ಆದರೆ ಮ್ಯಾನೇಜರ್ ಮಾತಾಡಿದ್ದೆಲ್ಲ ಅಪ್ಪನ ಹತ್ತಿರ. ಕ್ರಯಪತ್ರ ಬ್ಯಾಂಕಿನ ಬೀರು ಸೇರಿತು. ಅದು ವಾಪಸ್ ಬರುವ ತನಕ ಅಮ್ಮ ಆ ಮನೆಗೆ ಸುಣ್ಣ ಬಣ್ಣದ ಮಾತೆತ್ತಲಿಲ್ಲ.

ಇಲ್ಲಿ ಮನೆಪತ್ರ ಕೇಳಲಿಲ್ಲ, ಜಾಮೀನು ಕೇಳಲಿಲ್ಲ. ಮಗಳ ಕ್ರೆಡಿಟ್ ಸ್ಕೋರ್ ಕೂಡ ನೋಡಲಿಲ್ಲ. ಸಾಲ ಕೊಡೋದು ಅಮೆರಿಕದ ಕೇಂದ್ರ ಸರ್ಕಾರ. ಅವಳು ಸಹಿ ಹಾಕಿದ್ದು ಮಾಸ್ಟರ್ ಪ್ರಾಮಿಸರಿ ನೋಟ್ ಅನ್ನೋ ಕಾಗದಕ್ಕೆ. ನಮ್ಮ ಕಡೆ ಪ್ರೋನೋಟು ಅಂತೀವಲ್ಲ, ಅದೇ. ಒಮ್ಮೆ ಹಾಕಿದ ಸಹಿ ಹತ್ತು ವರ್ಷದವರೆಗೆ ನಡೆಯುತ್ತದೆ. ಪ್ರತಿ ವರ್ಷ ಹೊಸ ಸಾಲ ಅದೇ ಸಹಿಯ ಮೇಲೆ ಬರುತ್ತದೆ.

ಒಂದು ಕಡೆ ಮಾತ್ರ ಅವಳು ತಡವರಿಸಿದಳು. ಇಬ್ಬರ ಹೆಸರು, ವಿಳಾಸ ಕೊಡಬೇಕು. ಅವರು ಸಾಲಕ್ಕೆ ಹೊಣೆಯಲ್ಲ. ನಾಳೆ ಸಾಲಗಾರ ಕೈಗೆ ಸಿಗದಿದ್ದರೆ 'ಎಲ್ಲಿದ್ದಾಳೆ' ಅಂತ ಕೇಳೋಕೆ ಅಷ್ಟೇ. ಒಂದು ನನ್ನ ಹೆಸರು. ಇನ್ನೊಂದಕ್ಕೆ 'ಅಜ್ಜನ ಹೆಸರು ಹಾಕಲಾ?' ಅಂತ ಟೈಪ್ ಮಾಡೋಕೆ ಹೊರಟಳು. ಅಮೆರಿಕದ ವಿಳಾಸವೇ ಬೇಕಂತೆ. ಆಮೇಲೆ ಪಕ್ಕದ ಮನೆಯಾಕೆಗೆ ಮೆಸೇಜ್ ಮಾಡಿ ಕೇಳಿ, ಅವರ ಹೆಸರು ಹಾಕಿದಳು. ಮಗನ ಓದಿಗೆ ಮನೆಯನ್ನೇ ಒತ್ತೆ ಇಟ್ಟ ಮನುಷ್ಯ, ಮೊಮ್ಮಗಳ ಸಾಲಕ್ಕೆ ಬರೀ ವಿಳಾಸ ಕೊಡೋಕೂ ಆಗಲಿಲ್ಲ.

ಊರಲ್ಲಿ ಇದನ್ನು ಹೇಳಿದರೆ ಮೊದಲ ಪ್ರಶ್ನೆ, 'ಇಬ್ಬರೂ ಡಾಲರಲ್ಲಿ ದುಡೀತೀರಿ, ಮಗಳಿಗ್ಯಾಕಪ್ಪ ಸಾಲ?' ಸರಿಯಾದ ಪ್ರಶ್ನೆಯೇ. ಉತ್ತರ ಸ್ವಲ್ಪ ಉದ್ದ.

ಇಲ್ಲಿ ಒಂದು ಕಾಲೇಜಿಗೆ ಒಂದೇ ಬೆಲೆ ಅಂತಿಲ್ಲ. 2024–25ರಲ್ಲಿ ನಾಲ್ಕು ವರ್ಷದ ಸರ್ಕಾರಿ ಯೂನಿವರ್ಸಿಟಿಯ ಸರಾಸರಿ ಫೀಸು ಆ ರಾಜ್ಯದವರಿಗೆ ವರ್ಷಕ್ಕೆ ಸುಮಾರು 11,600 ಡಾಲರ್. ಬೇರೆ ರಾಜ್ಯದಿಂದ ಬಂದವರಿಗೆ ಸುಮಾರು 30,800. ಖಾಸಗಿ ಕಾಲೇಜಿನಲ್ಲಿ 43 ಸಾವಿರದ ಮೇಲೆ. ಇದು ಪಾಠದ ಫೀಸು ಮಾತ್ರ. ರೂಮು, ಊಟ, ಪುಸ್ತಕ, ಇನ್ಶೂರೆನ್ಸ್ ಎಲ್ಲ ಬೇರೆ. ನಾವು ಓಹಾಯೋದಲ್ಲಿದ್ದೇವೆ. ಮಗಳು ಕೊನೆಗೆ ಸೇರಿದ್ದು ನಮ್ಮ ರಾಜ್ಯದ ಯೂನಿವರ್ಸಿಟಿಗೇ. ಎಲ್ಲ ಸೇರಿಸಿದರೆ ಅದಕ್ಕೇ ವರ್ಷಕ್ಕೆ 31 ಸಾವಿರ ಆಗುತ್ತದೆ. ನಾಲ್ಕು ವರ್ಷಕ್ಕೆ ಗುಣಿಸಿ, ಬೇಕಿದ್ದರೆ ರೂಪಾಯಿಗೂ ತಿರುಗಿಸಿ ನೋಡಿ. ನಾನು ತಿರುಗಿಸೋದು ಬಿಟ್ಟಿದ್ದೇನೆ.

ಖಾಸಗಿ ಕಾಲೇಜುಗಳು ಬೋರ್ಡಿನ ಮೇಲೆ ಬರೆಯೋ ಬೆಲೆ ಬೇರೆ, ತೆಗೆದುಕೊಳ್ಳೋ ಬೆಲೆ ಬೇರೆ. ಆಷಾಢದ ಸೀರೆ ಅಂಗಡಿ ಥರ. ಯಾರಿಗೆ ಎಷ್ಟು ಬಿಡೋದು ಅಂತ ತೀರ್ಮಾನಿಸೋಕೆ ಫಾಫ್ಸಾ ಅನ್ನೋ ಅರ್ಜಿ ಇದೆ. ಅಪ್ಪ ಅಮ್ಮನ ಆದಾಯ, ತೆರಿಗೆ, ಉಳಿತಾಯ, ಎಲ್ಲ ಅದರಲ್ಲಿ ಬಿಚ್ಚಿಡಬೇಕು. ಬಡ ಮಕ್ಕಳಿಗೆ ಪೆಲ್ ಗ್ರಾಂಟ್ ಅಂತ ಸಿಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ಅದನ್ನು ವಾಪಸ್ ಕೊಡಬೇಕಿಲ್ಲ. ನಮ್ಮಂಥವರ ಸಂಬಳ ಅದಕ್ಕೆ ಜಾಸ್ತಿ ಆಯಿತು, ಬೋರ್ಡಿನ ಬೆಲೆ ಕಟ್ಟೋಕೆ ಕಮ್ಮಿ ಆಯಿತು.

ಮಾರ್ಚಿನಲ್ಲಿ ಬೇರೆ ರಾಜ್ಯದ ಒಂದು ಖಾಸಗಿ ಕಾಲೇಜಿನಿಂದ ಪತ್ರ ಬಂತು. ಮಗಳಿಗೆ ತುಂಬಾ ಇಷ್ಟವಾಗಿದ್ದ ಕಾಲೇಜು. 'ಅಭಿನಂದನೆಗಳು, ಇದು ನಿಮ್ಮ ಅವಾರ್ಡ್' ಅಂತ ಶುರು. ವರ್ಷದ ಖರ್ಚು 86,000. ಕೆಳಗೆ ಅವಾರ್ಡುಗಳ ಪಟ್ಟಿ, ಅದರ ಕೆಳಗೆ ದಪ್ಪಕ್ಷರದಲ್ಲಿ 'ನೀವು ಕಟ್ಟಬೇಕಾದ ಬಾಕಿ 0'. ನನ್ನ ಹೆಂಡತಿ ಖುಷಿಯಿಂದ ಕೂಗಿಯೇಬಿಟ್ಟಳು. ನಾನು ಕನ್ನಡಕ ಹಾಕಿಕೊಂಡು ಪಟ್ಟಿ ಓದಿದೆ. ಸ್ಕಾಲರ್‌ಶಿಪ್ 24,000. ವಿದ್ಯಾರ್ಥಿ ಸಾಲ 5,500. ಪೇರೆಂಟ್ ಪ್ಲಸ್ 56,500. ಈ ಪೇರೆಂಟ್ ಪ್ಲಸ್ ಅಂದರೇನು ಗೊತ್ತಾ? ಅಪ್ಪ ಅಮ್ಮನ ಹೆಸರಲ್ಲಿ ಸಾಲ. ಬಡ್ಡಿ ಸುಮಾರು 9%, ಕೈಗೆ ಬರುವ ಮೊದಲೇ 4%ಕ್ಕಿಂತ ಜಾಸ್ತಿ ಶುಲ್ಕ ಮುರಿದುಕೊಳ್ಳುತ್ತಾರೆ. ನಮ್ಮ ತಲೆ ಮೇಲೆ ವರ್ಷಕ್ಕೆ 56 ಸಾವಿರ ಸಾಲ ಹೊರಿಸಿ ಅದಕ್ಕೆ ಅವಾರ್ಡ್ ಅಂತ ಹೆಸರಿಟ್ಟಿದ್ದಾರೆ! ನಮಗೊಬ್ಬರಿಗೇ ಹೀಗಾಗಿದ್ದಲ್ಲ. 2022ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇಂಥ ಪತ್ರಗಳನ್ನು ಪರಿಶೀಲಿಸಿ ವರದಿ ಕೊಟ್ಟಿತ್ತು. ಸುಮಾರು 91% ಕಾಲೇಜುಗಳು ಕೈಯಿಂದ ನಿಜವಾಗಿ ಎಷ್ಟು ಹೋಗುತ್ತದೆ ಅಂತ ಹೇಳೋದೇ ಇಲ್ಲ, ಇಲ್ಲವೇ ಕಮ್ಮಿ ಮಾಡಿ ತೋರಿಸುತ್ತವೆ.

ಮಗಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ತಾನೇ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ತೋರಿಸಿದಳು. ಆ ಪತ್ರ ಈಗಲೂ ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಕೆಳಗಿದೆ. ಅದನ್ನು ಅಲ್ಲಿ ಸಿಕ್ಕಿಸಿದ್ದು ಅವಳೇ.

ಈ ವ್ಯವಸ್ಥೆ ಶುರುವಾದಾಗ ಉದ್ದೇಶ ಒಳ್ಳೆಯದೇ ಇತ್ತು. 1965ರ ನವೆಂಬರ್ 8ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಅದಕ್ಕಾಗಿ ಟೆಕ್ಸಾಸ್‌ನ ಸ್ಯಾನ್ ಮಾರ್ಕೋಸ್‌ಗೆ, ತಾವು ಓದಿದ ಕಾಲೇಜಿಗೇ ಹೋಗಿದ್ದರು. ಅವರೂ ಸಣ್ಣಪುಟ್ಟ ಕೆಲಸ ಮಾಡುತ್ತ ಕಷ್ಟದಲ್ಲಿ ಓದಿದವರು. ಬಡವರ ಮನೆಯ ಹುಡುಗ ಅನ್ನೋ ಕಾರಣಕ್ಕೆ ಯಾವ ಕಾಲೇಜೂ ಬಾಗಿಲು ಹಾಕಬಾರದು ಅನ್ನೋದು ಅವರ ಮಾತಿನ ಸಾರ. ಆಗ ಸರ್ಕಾರಿ ಕಾಲೇಜುಗಳ ಖರ್ಚಿನ ದೊಡ್ಡ ಪಾಲನ್ನು ರಾಜ್ಯಗಳೇ ಹೊರುತ್ತಿದ್ದವು. ಸಾಲ ಅನ್ನೋದು ಉಪ್ಪಿನಕಾಯಿಯಷ್ಟು. ಬರಬರುತ್ತ ರಾಜ್ಯಗಳು ಕೈ ಹಿಂದಕ್ಕೆಳೆದವು. 2008ರ ಆರ್ಥಿಕ ಕುಸಿತದ ನಂತರ ಇನ್ನೂ ಜೋರಾಗಿ ಎಳೆದವು. ಉಪ್ಪಿನಕಾಯಿಯೇ ಊಟವಾಯಿತು. ಈಗ ಸುಮಾರು 4.3 ಕೋಟಿ ಜನರ ಮೇಲೆ ಕೇಂದ್ರದ್ದೇ 1.6 ಲಕ್ಷ ಕೋಟಿ ಡಾಲರಿನಷ್ಟು ಸಾಲ ಇದೆ.

ಸಾಲ ಸುಲಭವಾಗಿ ಸಿಗೋದರಿಂದಲೇ ಕಾಲೇಜುಗಳು ಫೀಸು ಏರಿಸುತ್ತವೆ ಅಂತ 1987ರಲ್ಲೇ ಆಗಿನ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ ಜಗಳ ತೆಗೆದಿದ್ದರು. ಆ ವಾದ ಇವತ್ತಿಗೂ ಮುಗಿದಿಲ್ಲ. ನನ್ನ ಕೇಳಿದರೆ, ಇದು ಪೂರ್ತಿ ಸುಳ್ಳಂತೂ ಅಲ್ಲ. ಕಾಲೇಜು ನೋಡೋಕೆ ಹೋದ ಕಡೆಯೆಲ್ಲ ನಮಗೆ ಮೊದಲು ತೋರಿಸಿದ್ದು ಜಿಮ್ಮು, ಹತ್ತೋ ಗೋಡೆ, ಐದು ಥರದ ಕ್ಯಾಂಟೀನು. ಲೈಬ್ರರಿ ಕೊನೆಗೆ. ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯಲ್ಲಂತೂ ತೇಲಿಕೊಂಡು ಹೋಗೋಕೆ ಅಂತ ಒಂದು ನೀರಿನ ಕಾಲುವೆಯೇ ಇದೆ. ಅದರ ಆಕಾರ ಆ ಯೂನಿವರ್ಸಿಟಿಯ ಹೆಸರಿನ ಮೂರು ಇಂಗ್ಲಿಷ್ ಅಕ್ಷರ!

ಸರಿ, ಕಟ್ಟೋಕಾಗದಿದ್ದರೆ ಏನಾಗುತ್ತದೆ? ಇಲ್ಲೇ ನನಗೆ ಭಯ. ಈ ದೇಶದಲ್ಲಿ ದಿವಾಳಿ ಅಂತ ಕೋರ್ಟಿಗೆ ಹೋದರೆ ಕ್ರೆಡಿಟ್ ಕಾರ್ಡಿನ ಸಾಲ ಹೋಗುತ್ತದೆ, ಆಸ್ಪತ್ರೆಯ ಬಿಲ್ ಹೋಗುತ್ತದೆ. ಓದಿನ ಸಾಲ ಮಾತ್ರ ಸುಲಭಕ್ಕೆ ಹೋಗೋದಿಲ್ಲ. 1976ರಲ್ಲಿ, ಮೊದಲ ಐದು ವರ್ಷ ಈ ಸಾಲ ದಿವಾಳಿಯಲ್ಲಿ ಹೋಗೋದಿಲ್ಲ ಅಂತ ತಡೆ ಶುರುಮಾಡಿದರು. 1998ರಲ್ಲಿ ಆ ವರ್ಷದ ಲೆಕ್ಕವನ್ನೇ ತೆಗೆದು, ಎಂದೆಂದಿಗೂ ತಡೆ ಅಂದರು. 2005ರಲ್ಲಿ ಖಾಸಗಿ ಬ್ಯಾಂಕುಗಳ ಓದಿನ ಸಾಲಕ್ಕೂ ಅದೇ ನಿಯಮ ಬಂತು. ವಿಪರೀತ ಕಷ್ಟ ಇದೆ ಅಂತ ಸಾಬೀತು ಮಾಡಿದರೆ ಉಂಟು, ಅದು ಬಹಳ ಕಷ್ಟದ ದಾರಿ. ಕೇಂದ್ರದ ಸಾಲಕ್ಕೆ ವಾಯಿದೆ ಮೀರುವುದು ಅಂತಲೂ ಇಲ್ಲ. ಮುದುಕರ ಪಿಂಚಣಿಯಿಂದಲೂ ಸರ್ಕಾರ ಹಿಡಿದುಕೊಳ್ಳಬಹುದು ಅಂತ 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಪ್ಪ ಕಟ್ಟದೇ ಹೋಗಿದ್ದರೆ ಬ್ಯಾಂಕಿನವರು ಮನೆ ಹರಾಜು ಹಾಕುತ್ತಿದ್ದರು. ಇಲ್ಲಿ ಹರಾಜು ಹಾಕೋಕೆ ಮನೆಯೇ ಇಲ್ಲ. ಹಾಗಾಗಿ ಮನುಷ್ಯನ ಬೆನ್ನಿಗೇ ಬರೆದಿಟ್ಟಿದ್ದಾರೆ.

ಮಗಳು ರೆಫರೆನ್ಸ್ ಕೊಟ್ಟ ಪಕ್ಕದ ಮನೆಯಾಕೆಯ ಕಥೆ ಕೇಳಿ. ಕೌಂಟಿ, ಅಂದರೆ ಜಿಲ್ಲೆಯ ಸರ್ಕಾರಿ ಲೈಬ್ರರಿಯಲ್ಲಿ ಕೆಲಸ. ಆ ಕೆಲಸಕ್ಕೆ ಬೇಕಾದ ಓದಿಗೆ 40 ಸಾವಿರ ಸಾಲ ಮಾಡಿದ್ದರು, ಬಡ್ಡಿ ಆರೂವರೆ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ 454 ಡಾಲರ್ ಕಟ್ಟಬೇಕು. ಲೈಬ್ರರಿ ಸಂಬಳಕ್ಕೆ ಅದು ಆಗದ ಮಾತು. ಆದಾಯಕ್ಕೆ ತಕ್ಕಂತೆ ಕಟ್ಟುವ ಪ್ಲಾನ್ ಇದೆ, ಅದರಲ್ಲಿ 120 ಕಟ್ಟುತ್ತಿದ್ದರು. ಬಡ್ಡಿಯೇ ತಿಂಗಳಿಗೆ 216. ಒಂದು ತಿಂಗಳೂ ತಪ್ಪಿಸದೆ ಹತ್ತು ವರ್ಷ ಕಟ್ಟಿದ ಮೇಲೆ ಬಾಕಿ 51 ಸಾವಿರ ದಾಟಿತ್ತು. ಇದನ್ನು ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. 'ಕಟ್ಟಿದಷ್ಟೂ ಏರತ್ತಾ? ಅದೆಂಥ ಸಾಲನಾ ಮಾರಾಯ' ಅಂದರು.

ಸರ್ಕಾರಿ ಕೆಲಸದಲ್ಲಿದ್ದು 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ ಅಂತ 2007ರ ಒಂದು ಯೋಜನೆ ಇದೆ. ಆಕೆ ಅದನ್ನೇ ನಂಬಿಕೊಂಡಿದ್ದರು. ಮಧ್ಯದಲ್ಲಿ ಸಾಲ ವಸೂಲಿ ನೋಡಿಕೊಳ್ಳೋ ಕಂಪನಿ ಬದಲಾಯಿತು. ಹೊಸ ಕಂಪನಿಯ ಲೆಕ್ಕದಲ್ಲಿ ಕಂತು 71ಕ್ಕೆ ನಿಂತಿತ್ತು. ಆಕೆ ಹಳೇ ಶೂ ಡಬ್ಬಿಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಇಟ್ಟುಕೊಂಡಿದ್ದರು. ಒಂದೊಂದೇ ಸ್ಕ್ಯಾನ್ ಮಾಡಿ ಕಳಿಸಿದರು. ಹದಿನಾಲ್ಕು ತಿಂಗಳಾದ ಮೇಲೆ ಮನ್ನಾ ಆಯಿತು. ಆವತ್ತು ನಮ್ಮ ಮನೆ ಬಾಗಿಲಿಗೆ ಬಂದು ಮಾತಾಡೋಕಾಗದೆ ನಿಂತಿದ್ದರು. ನಾವು ಯಾರೋ ತೀರಿಕೊಂಡರು ಅಂದುಕೊಂಡೆವು.

ಬಹಳಷ್ಟು ಜನರಿಗೆ ಒಟ್ಟಿಗೆ ಮನ್ನಾ ಮಾಡೋ ಮಾತೂ ಬಂದಿತ್ತು. 2022ರಲ್ಲಿ ಆಗಿನ ಅಧ್ಯಕ್ಷ ಬೈಡನ್ ತಲಾ 10 ಸಾವಿರ, ಪೆಲ್ ಗ್ರಾಂಟ್ ಪಡೆದವರಿಗೆ 20 ಸಾವಿರ ಅಂದರು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆಗೋದಿಲ್ಲ ಅಂದಿತು. ಕೋವಿಡ್ ಅಂತ ಮೂರು ವರ್ಷಕ್ಕೂ ಹೆಚ್ಚು ನಿಂತಿದ್ದ ಕಂತುಗಳು ಆ ಅಕ್ಟೋಬರ್‌ನಿಂದ ಮತ್ತೆ ಶುರುವಾದವು. ಇನ್ನು 2026ರ ಜುಲೈನಿಂದ ಹೊಸ ಪೇರೆಂಟ್ ಪ್ಲಸ್ ಸಾಲಕ್ಕೆ ವರ್ಷಕ್ಕೆ 20 ಸಾವಿರ, ಒಂದು ಮಗುವಿಗೆ ಒಟ್ಟು 65 ಸಾವಿರ ಅಂತ ಮಿತಿ ಬಂದಿದೆ. ಫ್ರಿಜ್ಜಿನ ಮೇಲಿನಂಥ 'ಬಾಕಿ 0' ಪತ್ರಗಳು ಇನ್ನು ಹೇಗೆ ಬರುತ್ತವೋ ನೋಡಬೇಕು.

ಮಕ್ಕಳನ್ನು ಇಲ್ಲಿಗೆ ಕಳಿಸೋ ಯೋಚನೆಯಲ್ಲಿರುವವರಿಗೆ ಒಂದು ಮಾತು. ಈ ಸರ್ಕಾರಿ ಸಾಲ, ಗ್ರಾಂಟ್ ಯಾವುದೂ ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಇಲ್ಲ. ನಿಮ್ಮದು ಅಲ್ಲಿಯ ಬ್ಯಾಂಕು, ಅಲ್ಲಿಯ ಮನೆಪತ್ರವೇ.

ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. 529 ಅಂತ ಮಕ್ಕಳ ಓದಿಗೆ ಕೂಡಿಡೋ ಖಾತೆ ಇದೆ, ನಾವು ಶುರುಮಾಡಿದ್ದು ತಡ. ಅದರಲ್ಲಿದ್ದದ್ದು ಅರ್ಧ ಖರ್ಚಿಗೆ ಆಗುತ್ತದೆ. ಉಳಿದದ್ದನ್ನು ಸಂಬಳದಲ್ಲಿ ಹೊಂದಿಸುತ್ತೇವೆ, ನೀನು ಸಾಲದ ಸುದ್ದಿಗೆ ಹೋಗಬೇಡ ಅಂದೆ. ಅವಳು ಒಪ್ಪಲಿಲ್ಲ. 'ನನ್ನ ಓದು ಅಪ್ಪಾ, ಸ್ವಲ್ಪನಾದ್ರೂ ನನ್ನ ಸಾಲ ಇರಲಿ. ನನ್ನ ಫ್ರೆಂಡ್ಸ್ ಎಲ್ಲ ತಗೊಳ್ತಿದಾರೆ' ಅಂದಳು. ಫ್ರೆಂಡ್ಸ್ ತಗೊಂಡರೆ ನೀನೂ ತಗೋಬೇಕಾ ಅಂತ ಒಂದು ವಾರ ಜಗಳವಾಯಿತು. ಮೊದಲ ವರ್ಷಕ್ಕೆ ವಿದ್ಯಾರ್ಥಿಯ ಹೆಸರಲ್ಲಿ ಸಿಗೋದು ಹೆಚ್ಚೆಂದರೆ 5,500, ನಾಲ್ಕು ವರ್ಷಕ್ಕೆ 27,000. ಮೊದಲ ವರ್ಷದ್ದು ಮಾತ್ರ ತಗೋ, ಮುಂದಿನದು ಆಮೇಲೆ ನೋಡೋಣ ಅಂತ ಒಪ್ಪಂದವಾಯಿತು. ನನಗೆ ಈಗಲೂ ಮನಸ್ಸಿಲ್ಲ. ಅಪ್ಪ ನನ್ನನ್ನು ಹೀಗೆ ಒಬ್ಬನೇ ಸಹಿ ಹಾಕೋಕೆ ಬಿಡುತ್ತಿರಲಿಲ್ಲ.

ಆಗಸ್ಟಿನಲ್ಲಿ ಅರ್ಧ ದುಡ್ಡು, ಅಂದರೆ 2,750, ಕಾಲೇಜಿನ ಖಾತೆಗೆ ಹೋಯಿತು. ಶುಲ್ಕ ಅಂತ 29 ಡಾಲರ್ ಮುರಿದುಕೊಂಡಿದ್ದರು, ಬಡ್ಡಿ ಮಾತ್ರ ಪೂರ್ತಿ 2,750ಕ್ಕೆ. 6.39%, ದಿನಕ್ಕೆ 48 ಸೆಂಟ್. ಓದು ಮುಗಿಯೋ ತನಕ ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅವಳು ಕಾಲೇಜಿನ ಜಿಮ್ಮಿನಲ್ಲಿ ಟವೆಲ್ ಕೊಡೋ ಕೆಲಸಕ್ಕೆ ಸೇರಿದ್ದಾಳೆ. ತಿಂಗಳಿಗೆ 15 ಡಾಲರ್ ಬಡ್ಡಿಗೆ ಅಂತ ಕಟ್ಟುತ್ತಿದ್ದಾಳೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅಪ್ಪ ಸುಮ್ನೆ ಕೇಳಿಸಿಕೊಂಡರು.

'ಯಾರು ಜಾಮೀನು?'

'ಯಾರೂ ಇಲ್ಲ ಅಪ್ಪಾ. ಅವಳೊಬ್ಬಳೇ.'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಎದ್ದು ಒಳಗೆ ಹೋದರು. ಒಂದು ಕೆಂಪು ಫೈಲ್ ಹಿಡಿದುಕೊಂಡು ಬಂದು ಕ್ಯಾಮೆರಾದ ತೀರಾ ಹತ್ತಿರ ಹಿಡಿದರು, ಸ್ಕ್ರೀನ್ ಪೂರ್ತಿ ಕೆಂಪಾಯಿತು. ನನ್ನ ಸಾಲದ ಕಂತಿನ ರಸೀದಿಗಳು, ಮೊದಲನೆಯದರಿಂದ ಕೊನೆಯದರ ತನಕ, ದಾರ ಹಾಕಿ ಕಟ್ಟಿಟ್ಟದ್ದು.

'ಹದಿನೈದು ಕಟ್ಟಿದ್ದಕ್ಕೂ ರಸೀದಿ ತೆಗೆದಿಟ್ಕೋ ಅಂತ ಹೇಳು ಅವಳಿಗೆ' ಅಂದರು.